ನಾಲ್ಕು ವೇಷದ ಹೈರೈಡರ್: ಜೇಬಿಗೆ ಯಾವುದು? ಜೀವಕ್ಕೆ ಯಾವುದು?

ಯಶವಂತಪುರದ ಬಸ್ ಸ್ಟಾಪಿನಲ್ಲಿ ಐದು ನಿಮಿಷ ನಿಂತು ನೋಡಿ. ಒಂದಲ್ಲ ಒಂದು ಆಟೋದ ಬೆನ್ನ ಮೇಲೆ ಶಂಕರ್‌ನಾಗ್ ನಗ್ತಾ ಹೋಗ್ತಾರೆ. 1980ರಲ್ಲಿ ಬಂದ ‘ಆಟೋ ರಾಜ’ನಿಗೆ ಇಲ್ಲಿ ಇವತ್ತಿಗೂ ಪಟ್ಟ ಇಳಿದಿಲ್ಲ!

ಮೊನ್ನೆ ಅಲ್ಲೇ ಟೀ ಕುಡೀತಿದ್ದಾಗ ಗೆಳೆಯ ಸಿಕ್ಕಿದ. ಅವರಪ್ಪನದು ಯಾರ್ಡಿನಲ್ಲಿ ಈರುಳ್ಳಿ ಮಂಡಿ. “ಗುರೂ, ಹೈರೈಡರ್ ತಗೋತಿದೀನಿ. ಮೇಲೆ ಸನ್‌ರೂಫ್ ಇರೋದೇ ಬೇಕು. ಹೀರೋ ಥರಾ ಎದ್ದು ನಿಂತು ಕೈ ಬೀಸ್ಬೇಕು!” ಅಂದ.

“ಅಪ್ಪ ಎಷ್ಟು ಕೊಡ್ತಾರೆ?”

“ಅಲ್ಲೇ ಇರೋದು ಕಥೆ...”

ಸರಿ, ಕಥೆ ಕೇಳೋಣ. ಈ ಹೀರೋ ಪರಊರಿನವನಲ್ಲ, ಮೈಸೂರು ರಸ್ತೆಯ ಬಿಡದಿಯವನು. ಅಲ್ಲಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಮೊದಲ ಗಾಡಿ ಕ್ವಾಲಿಸ್ 2000ದಲ್ಲಿ ಮಾರುಕಟ್ಟೆಗೆ ಬಂತು. ಹೈರೈಡರ್ ಬಂದದ್ದು 2022ರಲ್ಲಿ. ಮಾರುತಿಯ ಗ್ರ್ಯಾಂಡ್ ವಿಟಾರಾ ಇದರ ಜೊತೆ ಹುಟ್ಟಿದ ತಮ್ಮ. ಅವನ ತೊಟ್ಟಿಲೂ ಬಿಡದಿಯೇ!

ಹೈರೈಡರ್‌ಗೆ ನಾಲ್ಕು ವೇಷ: ಇ, ಎಸ್, ಜಿ, ವಿ. ‘ಇ’ ಮೇಕಪ್ ಇಲ್ಲದ ಪಾತ್ರ; ಓಡಾಟಕ್ಕೆ ಬೇಕಾದಷ್ಟು ಇದೆ, ಥಳಕು ಕಡಿಮೆ. ‘ಎಸ್’ ಮತ್ತು ‘ಜಿ’ಯಲ್ಲಿ ಒಂದೊಂದೇ ಆಭರಣ ಏರುತ್ತೆ. ‘ವಿ’ ಅಂದರೆ ಪೂರ್ತಿ ಹೀರೋ: ಗಾಜಿನ ಸನ್‌ರೂಫ್, ತಂಗಾಳಿ ಬಿಡುವ ಸೀಟು, ಸುತ್ತಲೂ ತೋರಿಸುವ ಕ್ಯಾಮೆರಾ. 2022ರಲ್ಲಿ ಶೋರೂಂ ಬೆಲೆ ‘ಇ’ಗೆ 10.48 ಲಕ್ಷ, ಹೈಬ್ರಿಡ್ ‘ವಿ’ಗೆ 18.99 ಲಕ್ಷ. ನಡುವಿನ ಅಂತರ ಎಂಟೂವರೆ ಲಕ್ಷ ಸ್ವಾಮೀ!

ಇಂಜಿನ್ನಿನಲ್ಲೂ ಆಯ್ಕೆ ಇದೆ. ಮಾಮೂಲಿ 1.5 ಲೀಟರ್ ಪೆಟ್ರೋಲ್ ಒಂದು. ಇನ್ನೊಂದು ಹೈಬ್ರಿಡ್: ನಿಧಾನಕ್ಕೆ ಹೋಗುವಾಗ ಇಂಜಿನ್ ಬಾಯಿ ಮುಚ್ಚುತ್ತೆ, ಬ್ಯಾಟರಿಯಲ್ಲೇ ಗಾಡಿ ತೆವಳುತ್ತೆ. ಗೊರಗುಂಟೆಪಾಳ್ಯದ ಜಾಮಿಗೆ ಹೇಳಿ ಮಾಡಿಸಿದ ಹಾಗೆ! ಲೀಟರಿಗೆ 27.97 ಕಿಲೋಮೀಟರ್ ಎಂಬುದು ಕಂಪನಿಯ ಲೆಕ್ಕ. ರಸ್ತೆಯ ಲೆಕ್ಕ ಅದಕ್ಕಿಂತ ಕಮ್ಮಿಯೇ ಅನ್ನಿ. ‘ಇ’ಯಲ್ಲಿ ಹೈಬ್ರಿಡ್ ಸಿಗಲ್ಲ. ಬ್ಯಾಟರಿ ಡಿಕ್ಕಿಯ ಕೆಳಗೆ ಕೂರೋದರಿಂದ ಸಾಮಾನಿಗೆ ಜಾಗವೂ ಕಮ್ಮಿ. 2023ರಲ್ಲಿ ಎಸ್, ಜಿ ವೇಷಗಳಿಗೆ ಸಿ.ಎನ್.ಜಿ. ಬಂತು, ಅಲ್ಲೂ ಸಿಲಿಂಡರ್ ಡಿಕ್ಕಿಯನ್ನೇ ತಿನ್ನುತ್ತೆ. ಈರುಳ್ಳಿ ಚೀಲ ಹಾಕೋ ಯೋಚನೆ ಇದ್ದರೆ ಮಾಮೂಲಿ ಪೆಟ್ರೋಲೇ ವಾಸಿ.

ಈಗ ಇಂಟರ್‌ವಲ್ ನಂತರದ ಕಥೆ. ಇದನ್ನು ಸ್ವಲ್ಪ ಮನಸ್ಸಿಟ್ಟು ಓದಿ.

2022ರಲ್ಲಿ ಕೆಳಗಿನ ವೇಷಗಳಿಗೆ ಏರ್‌ಬ್ಯಾಗ್ ಎರಡೇ, ಆರು ಬೇಕಾದರೆ ಮೇಲಿನ ವೇಷವೇ ಆಗಬೇಕಿತ್ತು. ದುಡ್ಡಿದ್ದವನ ಜೀವಕ್ಕೆ ಆರು, ಇಲ್ಲದವನಿಗೆ ಎರಡು! 2025ರಲ್ಲಿ ಈ ಭೇದ ಹೋಯಿತು. ‘ಇ’ಗೂ ಆರು, ‘ವಿ’ಗೂ ಆರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಗಾಡಿಯ ವರ್ಷ ಕೇಳಿ, ಏರ್‌ಬ್ಯಾಗ್ ಎಣಿಸಿಯೇ ದುಡ್ಡು ಬಿಚ್ಚಿ.

ಅಷ್ಟಾದರೂ ಬೆಲ್ಟ್ ಹಾಕದಿದ್ದರೆ ಏರ್‌ಬ್ಯಾಗ್ ದಂಡ. ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಆ ಚೀಲ, ಬೆಲ್ಟಿಲ್ಲದೆ ಮುಂದಕ್ಕೆ ಎಸೆಯಲ್ಪಟ್ಟವನ ಮುಖಕ್ಕೆ ಗುದ್ದಿದ ಹಾಗೇ. ಇನ್ನು ಸನ್‌ರೂಫಿನಿಂದ ತಲೆ ಹೊರಗೆ ಹಾಕಿ ನಿಂತವನಿಗೆ ಬೆಲ್ಟೂ ಇಲ್ಲ, ಚೀಲವೂ ಇಲ್ಲ. ಒಂದು ಬ್ರೇಕ್ ಸಾಕು...

ಅಭಿಮಾನಿಗಳಿಗೆ ನೆನಪು ಮಾಡಬೇಕಾಗಿಲ್ಲ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾಗಿ ನಮ್ಮ ಶಂಕ್ರಣ್ಣ ಹೋದರು. ವಯಸ್ಸು ಇನ್ನೂ 35. ನಾಲ್ಕು ವರ್ಷ ಕಳೆಯುವುದರೊಳಗೆ, 1994ರಲ್ಲಿ, ನಟ ಸುನಿಲ್ ಕೂಡ ರಸ್ತೆ ಅಪಘಾತದಲ್ಲೇ ಹೋದರು. ಏರ್‌ಬ್ಯಾಗ್ ಅನ್ನುವ ಮಾತನ್ನೇ ನಮ್ಮ ಜನ ಕೇಳಿರದ ಕಾಲ ಅದು. ನಮಗೆ ಇವತ್ತು ಕೊಟ್ಟಿದ್ದಾರೆ. ಬೆಲ್ಟ್ ಎಳೆದುಕೊಳ್ಳೋಕೂ ಸೋಮಾರಿತನವೇ?

ಗೆಳೆಯ ಟೀ ಲೋಟ ಕೆಳಗಿಟ್ಟ. ಎದುರಿಗೆ ಹೋದ ಆಟೋದ ಬೆನ್ನು ನೋಡ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಹಾಗಾದ್ರೆ ‘ಎಸ್’ ಸಾಕು ಬಿಡು ಗುರೂ. ಉಳಿದ ದುಡ್ಡು ಅಪ್ಪನಿಗೇ ಇರಲಿ.”

ಶಿಳ್ಳೆ ಹೊಡೆಯಬೇಕಾದ್ದು ಈ ಡೈಲಾಗಿಗೆ. ಏನಂತೀರಿ?