ಕೆರೆಯಂಗಳದ ಬಿಸಿಲು: ಕೂಲಿಕಾರರ ಮೇಲಿನ ಶಾಖದ ಹೊರೆಯನ್ನು ಅಳೆಯುವ ಬಗೆ

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಮಲೆನಾಡಿನ ತಂಪು ನೆನಪಾಗುವುದು ಸಹಜ. ಆದರೆ ಕಡೂರು, ಅಜ್ಜಂಪುರ ತಾಲ್ಲೂಕುಗಳ ಬಯಲುಸೀಮೆಯಲ್ಲಿ, ಬುಕ್ಕಾಂಬುಧಿಯಂತಹ ಊರುಗಳಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಮಣ್ಣು ಅಗೆಯುವವರಿಗೆ ಆ ತಂಪು ದೂರದ ಮಾತು. ಹೂಳೆತ್ತುವ ಕಾಮಗಾರಿಗಳು ನಡೆಯುವುದು ಕೆರೆ ಬತ್ತಿದಾಗಲೇ, ಅಂದರೆ ಬಿಸಿಲು ಹೆಚ್ಚಿದ್ದಾಗಲೇ. ಆದಕಾರಣ ಈ ವಿಷಯವು ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ ಬರುವುದು ಅವಶ್ಯ.

ಪತ್ರಿಕೆಯಲ್ಲಿ ಪ್ರಕಟವಾಗುವ ಉಷ್ಣಾಂಶವು ನೆರಳಿನಲ್ಲಿರಿಸಿದ ಉಷ್ಣಮಾಪಕದ್ದು. ಗುದ್ದಲಿ ಹಿಡಿದವನ ಮೈ ಅನುಭವಿಸುವುದು ಬೇರೆ. ಅದಕ್ಕಾಗಿ ಮೂರು ಅಳತೆಗಳನ್ನು ಕೂಡಿಸುವ ಕ್ರಮವು 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ರೂಪುಗೊಂಡಿತು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ 10ರಲ್ಲಿ 7 ಪಾಲು, ಕಪ್ಪು ಬಳಿದ ಟೊಳ್ಳು ತಾಮ್ರದ ಗೋಳದೊಳಗಿನದಕ್ಕೆ 2 ಪಾಲು, ಸಾಧಾರಣ ಉಷ್ಣಮಾಪಕಕ್ಕೆ 1 ಪಾಲು. ಒದ್ದೆ ಬಟ್ಟೆಗೆ ಇಷ್ಟು ಮಹತ್ವವೇಕೆಂದರೆ, ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಬೆವರು ಆರದು.

ಉದಾಹರಣೆಗೆ, ಗಾಳಿ 36, ಒದ್ದೆ ಬಟ್ಟೆಯದು 25, ಕಪ್ಪು ಗೋಳದ್ದು 46 ಡಿಗ್ರಿ ಇದ್ದಲ್ಲಿ ಸೂಚ್ಯಂಕ 30.3 ಆಗುತ್ತದೆ. ಬಿಸಿಲಿಗೆ ಒಗ್ಗಿದ ಆರೋಗ್ಯವಂತರೂ ಬಿಡುವಿಲ್ಲದೆ ದುಡಿಯಲು ಅಂತರರಾಷ್ಟ್ರೀಯ ಮಾನಕವು ಸೂಚಿಸುವ ಮಿತಿಯು ಮಧ್ಯಮ ಶ್ರಮಕ್ಕೆ 28, ಭಾರೀ ಶ್ರಮಕ್ಕೆ 26 ಮಾತ್ರ. ಮಣ್ಣು ಅಗೆದು ಹೊರುವುದನ್ನು ಹಗುರ ಕೆಲಸವೆಂದು ಯಾರೂ ಹೇಳಲಾರರು. ಮಿತಿ ಮೀರಿದಲ್ಲಿ ಕೆಲಸ ನಿಲ್ಲಿಸಲೇಬೇಕೆಂದಲ್ಲ, ನಡುನಡುವೆ ನೆರಳಿನ ವಿಶ್ರಾಂತಿ ಬೇಕೆಂದು ತಿಳಿಯತಕ್ಕದ್ದು. ಇನ್ನೊಂದು ಮಾತು: ಮೇ ತಿಂಗಳಲ್ಲಿ ಒಂದು ಮಳೆ ಬಿದ್ದು ಮೋಡ ಸರಿದ ಮರುದಿನ ಉಷ್ಣಾಂಶ ಇಳಿದಂತೆ ಕಂಡರೂ, ಸೆಕೆಯಿಂದಾಗಿ ಈ ಸೂಚ್ಯಂಕ ಏರಿರಬಹುದು.

ಈ ಅಳತೆಯನ್ನು ತೋರಿಸುವ ಕೈಯಲ್ಲಿ ಹಿಡಿಯುವ ಉಪಕರಣಗಳು ದೊರೆಯುತ್ತವೆ. ಉಪಕರಣವಿಲ್ಲವೆಂದು ಸುಮ್ಮನಿರುವುದು ಸಲ್ಲದು. ಕೆಲಸವನ್ನು ಮುಂಜಾನೆ ಬೇಗ ಆರಂಭಿಸಿ ಹನ್ನೊಂದರೊಳಗೆ ಮುಗಿಸಬಹುದು. ಹೊಸದಾಗಿ ಬಂದವರಿಗೆ ಮೊದಲ ದಿನ ಐದರಲ್ಲೊಂದು ಪಾಲು ಹೊತ್ತು ಮಾತ್ರ ಬಿಸಿಲಿನ ಕೆಲಸ ನೀಡಿ, ಕ್ರಮೇಣ ಹೆಚ್ಚಿಸಬೇಕು. ಮೈ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಅಗತ್ಯ. ಆದರೆ ಶೌಚಕ್ಕೆ ಮರೆಯಿಲ್ಲದ ಸ್ಥಳದಲ್ಲಿ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ತಡೆಹಿಡಿಯುತ್ತಾರೆ. ಕೊಡ ತುಂಬಿಸಿಟ್ಟ ಮಾತ್ರಕ್ಕೆ ಹೊಣೆ ತೀರದು.

ಎಲ್ಲಕ್ಕಿಂತ ಕಠಿಣವಾದದ್ದು ಕೂಲಿಯ ಲೆಕ್ಕ. ಅಗೆದ ಗುಂಡಿಯ ಅಳತೆಗೆ ಕೂಲಿ ಎಂದಾದಾಗ ಬಡವರು ವಿಶ್ರಾಂತಿಯನ್ನು ನಷ್ಟವೆಂದೇ ಎಣಿಸುತ್ತಾರೆ. ಕಲಬುರಗಿ, ಬೆಳಗಾವಿ ವಿಭಾಗಗಳಲ್ಲಿ ಬೇಸಿಗೆಯಲ್ಲಿ ಕೆಲಸದ ಪ್ರಮಾಣಕ್ಕೆ ರಿಯಾಯಿತಿ ನೀಡಿದ ನಿದರ್ಶನವಿದೆ. ನಮ್ಮ ಬಯಲು ಭಾಗಕ್ಕೂ ಅಂತಹ ಬೇಡಿಕೆಯನ್ನು ಸದಸ್ಯರು ಸಭೆಯ ನಿರ್ಣಯದ ಮೂಲಕ ಮೇಲಕ್ಕೆ ಕಳುಹಿಸಬಹುದು.

ಕೆಲಸಗಾರರ ಮಾತು ತೊದಲಿದರೆ, ನಡಿಗೆ ತೂರಾಡಿದರೆ, ಅದನ್ನು ಆಯಾಸವೆಂದಾಗಲಿ ಕುಡಿತವೆಂದಾಗಲಿ ಭಾವಿಸದೆ ಕಾಯಕ ಬಂಧುವು ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ವಾಹನ ಬರುವವರೆಗೆ ಕಾಯದೆ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಕೂಡದು.