ಹಿತ್ತಲ ಮೊಟ್ಟೆಕೋಳಿ: ಗೂಡು, ಮೇವು ಹೇಗಿರಬೇಕು?

ಪೆರಂಬೂರು, ಸೆಂಬಿಯಂ, ಅಯನಾವರಂ ಕಡೆಯ ಹಳೆಯ ಮನೆಗಳಿಗೆ ಇನ್ನೂ ಅಷ್ಟಿಷ್ಟು ಹಿತ್ತಲು ಉಳಿದಿದೆ. ಅಂಥ ಮನೆಯಿರುವ ನಮ್ಮ ಸದಸ್ಯ ಬಾಂಧವರಲ್ಲಿ ಕೆಲವರು ಹತ್ತು ಕೋಳಿ ಸಾಕಿದರೆ ಹೇಗೆ ಎಂದು ಕೇಳುವುದುಂಟು. ಹೋಟೆಲಿನಲ್ಲಿ ದಿನವೂ ಅನ್ನ, ತರಕಾರಿ ಸಿಪ್ಪೆ ಉಳಿಯುತ್ತದೆ. ಅದು ಕಸದ ಗಾಡಿಗೆ ಹೋಗುವ ಬದಲು ಮೊಟ್ಟೆಯಾಗಿ ಬರಲಿ ಎಂಬುದು ಅವರ ಲೆಕ್ಕ. ಈ ಲೆಕ್ಕ ಅರ್ಧ ಸರಿ. ಉಳಿದ ಅರ್ಧದಲ್ಲಿ ಕೋಳಿಯ ಜೀವಕ್ಕೂ ಹೋಟೆಲಿನ ಲೈಸೆನ್ಸಿಗೂ ಸಂಚಕಾರವಿದೆ.

ಮೊದಲೇ ಹೇಳಿಬಿಡುತ್ತೇವೆ: ಕೋಳಿ ಮನೆಯ ಹಿತ್ತಲಿಗೆ, ಹೋಟೆಲಿನ ಹಿಂಬದಿಗಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಗಳ 4ನೇ ಷೆಡ್ಯೂಲಿನ ಪ್ರಕಾರ ಆಹಾರ ತಯಾರಿಸುವ ಜಾಗದಲ್ಲಿ ಪ್ರಾಣಿ ಪಕ್ಷಿಗಳಿಗೆ ಪ್ರವೇಶವಿಲ್ಲ. ಕೋಳಿಯ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಗೂಡು ಬಳಿದ ಹುಡುಗ ಅದೇ ಕೈಯಲ್ಲಿ ಹಿಟ್ಟು ಕಲಸಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ನಮ್ಮವರ ಹೋಟೆಲುಗಳಲ್ಲಿ ಹೆಚ್ಚಿನವು ಸಸ್ಯಾಹಾರಿ. ಅಲ್ಲಿ ಮೊಟ್ಟೆಯ ಮಾತೇ ಇಲ್ಲ. ಆಮ್ಲೆಟ್ ಮಾಡುವವರೂ ಹಿತ್ತಲ ಕೋಳಿಯನ್ನು ನಂಬಿ ನಾಮಕ್ಕಲ್ ಮೊಟ್ಟೆಯ ಟ್ರೇ ನಿಲ್ಲಿಸಬಾರದು. ಹತ್ತು ಕೋಳಿ ಸಾಕಿದರೆ ದಿನಕ್ಕೆ ಐದಾರು ಮೊಟ್ಟೆ ಸಿಕ್ಕೀತು. ಅದು ಮನೆಯವರಿಗೆ, ನೆಂಟರಿಗೆ ಸಾಕು.

ಅಕ್ಕಪಕ್ಕದವರ ವಿಚಾರವೂ ಇದೆ. ಮೊಟ್ಟೆಗಾಗಿ ಹುಂಜ ಬೇಕಿಲ್ಲ; ಹುಂಜವಿಲ್ಲದೆಯೂ ಹ್ಯಾಟೆ ಮೊಟ್ಟೆಯಿಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ನಸುಕಿನ ಕೂಗಿನಿಂದ ಬರುವ ಜಗಳ ಅಷ್ಟರಿಂದಲೇ ತಪ್ಪುತ್ತದೆ. ಕಾರ್ಪೊರೇಷನ್ನಿನ ವಲಯ ಕಚೇರಿಯಲ್ಲಿ ವಿಚಾರಿಸಿಕೊಂಡೇ ಗೂಡು ಕಟ್ಟಿಸಿ.

ತಳಿಯ ಬಗ್ಗೆ ಎರಡು ಮಾತು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ನಮ್ಮವರಿಗೆ ಗೊತ್ತಿರುವ ಹೆಸರು. ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ. ಅಲ್ಲಿಯದೇ ಸ್ವರ್ಣಧಾರ ಅದಕ್ಕಿಂತ ಹೆಚ್ಚು ಇಡುತ್ತದೆ. ಹೈದರಾಬಾದಿನ ಗ್ರಾಮಪ್ರಿಯ ಮೊಟ್ಟೆಗೆಂದೇ ಬಂದ ತಳಿ. ಪಂಜರದ ಬಿಳಿ ಕೋಳಿ 300 ದಾಟುತ್ತದೆ ನಿಜ, ಆದರೆ ಹಿತ್ತಲಿನ ಬದುಕಿಗೆ ಅದು ಒಗ್ಗುವುದು ಕಷ್ಟ. ಒಂದು ದಿನದ ಮರಿ ತಂದು ಬಲ್ಬಿನ ಕಾವು ಕೊಡುತ್ತಾ ಕೂರುವ ವ್ಯವಧಾನ ಹೋಟೆಲಿನವರಿಗೆ ಇರುವುದಿಲ್ಲ. ನಾಲ್ಕು ತಿಂಗಳು ತುಂಬಿದ, ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯಾದ ಎಳೆ ಹ್ಯಾಟೆ ಕೊಳ್ಳಿ. ಐದಾರು ತಿಂಗಳಿಗೆ ಮೊಟ್ಟೆ ಶುರುವಾಗುತ್ತದೆ.

ಗೂಡಿನ ಒಳಗೆ ಕೋಳಿಯೊಂದಕ್ಕೆ ಎರಡು ಚದರ ಅಡಿ, ಹೊರಗೆ ಅಡ್ಡಾಡಲು ಐದು ಚದರ ಅಡಿಯಾದರೂ ಬೇಕು. ಮದ್ರಾಸಿನಲ್ಲಿ ಗೂಡಿಗೆ ಇಬ್ಬರು ಶತ್ರುಗಳು: ಮೇ ತಿಂಗಳ ಬಿಸಿಲು, ನವೆಂಬರ್-ಡಿಸೆಂಬರಿನ ನೀರು. 2015, 2021, 2023ರ ಮಳೆಯನ್ನು ಕಂಡವರು ಗೂಡನ್ನು ನೆಲಕ್ಕೆ ಕಟ್ಟಲಾರರು. ಕಾಲು ಕೊಟ್ಟು ಕನಿಷ್ಠ ಎರಡಡಿ ಎತ್ತರಿಸಿ. ನಿಮ್ಮ ಬೀದಿಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೋ ಅದಕ್ಕಿಂತ ಮೇಲೆ ಹಲಗೆ ಬರಲಿ. ಉದ್ದದ ಬದಿ ಪೂರ್ವ-ಪಶ್ಚಿಮವಾಗಿದ್ದರೆ ಬೆಳಗು ಸಂಜೆಯ ಬಿಸಿಲು ಗಿಡ್ಡ ಗೋಡೆಗೆ ಮಾತ್ರ ಬೀಳುತ್ತದೆ. ಬರಿಯ ತಗಡಿನ ಮಾಡು ಬೇಡವೇ ಬೇಡ. ಹಾಕಿದ್ದರೆ ಮೇಲೆ ತೆಂಗಿನ ಗರಿ ಹೊದಿಸಿ. ತೆಳ್ಳಗಿನ ಕೋಳಿ ಬಲೆಯನ್ನು ಬೀದಿನಾಯಿ ಹರಿಯುತ್ತದೆ, ದೊಡ್ಡ ಕಣ್ಣಿನ ಬಲೆಯಲ್ಲಿ ಹೆಗ್ಗಣ ನುಗ್ಗುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ದುಬಾರಿಯಾದರೂ ಅದೇ ಸರಿ.

ಒಳಗೆ ನಾಲ್ಕಾರು ಇಂಚು ಭತ್ತದ ಹೊಟ್ಟು ಹರಡಿ, ವಾರಕ್ಕೆರಡು ಸಲ ಕೆದಕಿ. ಮೂಗಿಗೆ ಅಮೋನಿಯಾ ಘಾಟು ಹೊಡೆದರೆ ಬದಲಾಯಿಸುವ ಹೊತ್ತು ಮೀರಿದೆ ಎಂದರ್ಥ. ರಾತ್ರಿ ಕೂರಲು ಕೋಳಿಗೆ ಎಂಟು ಇಂಚಿನಂತೆ ಮರದ ಕೋಲು, ನಾಲ್ಕೈದು ಕೋಳಿಗೆ ಒಂದರಂತೆ ಒಂದಡಿ ಅಗಲದ ಮೊಟ್ಟೆ ಪೆಟ್ಟಿಗೆ. ಇದಕ್ಕೆ ಹಳೆಯ ತರಕಾರಿ ಕ್ರೇಟು ಸಾಕು. ಎಣ್ಣೆ ಡಬ್ಬ ಕತ್ತರಿಸಬೇಡಿ, ಅಂಚು ಕೊಯ್ಯುತ್ತದೆ, ಬೇಸಿಗೆಯಲ್ಲಿ ಕಾಯುತ್ತದೆ.

ಇನ್ನು ಮೇವು. ಒಂದು ಮೊಟ್ಟೆಕೋಳಿ ದಿನಕ್ಕೆ 110ರಿಂದ 120 ಗ್ರಾಂ ತಿನ್ನುತ್ತದೆ. ಹತ್ತಕ್ಕೆ ತಿಂಗಳಿಗೆ ಸುಮಾರು 35 ಕಿಲೋ. ಅದರಲ್ಲಿ ನೂರಕ್ಕೆ 16ರಷ್ಟು ಪ್ರೋಟೀನು, ಮೂರೂವರೆಯಷ್ಟು ಕ್ಯಾಲ್ಸಿಯಂ ಇರಬೇಕು. ಹೋಟೆಲಿನ ಅನ್ನದಲ್ಲಿ ಇವೆರಡೂ ಇಲ್ಲ. ಅನ್ನ ತಿಂದ ಕೋಳಿಗೆ ಹೊಟ್ಟೆ ತುಂಬುತ್ತದೆ, ಕೊಬ್ಬು ಬೆಳೆಯುತ್ತದೆ, ಮೊಟ್ಟೆ ನಿಲ್ಲುತ್ತದೆ. ಅಂಗಡಿಯ ಲೇಯರ್ ಮ್ಯಾಶ್ ಕೊಳ್ಳುವುದು ಸುಲಭ. ಮನೆಯಲ್ಲೇ ಬೆರೆಸುವವರಿಗೆ 10 ಕಿಲೋ ಲೆಕ್ಕ: ಮೆಕ್ಕೆಜೋಳದ ನುಚ್ಚು ನಾಲ್ಕೂವರೆ ಕಿಲೋ, ಅಕ್ಕಿ ನುಚ್ಚು ಒಂದು ಕಿಲೋ, ತೌಡು 1.2 ಕಿಲೋ, ಸೋಯಾ ಹಿಂಡಿ 2.2 ಕಿಲೋ, ಚಿಪ್ಪಿನ ತರಿ 900 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ. ಚಿಪ್ಪೆಂದರೆ ಇಲ್ಲಿನವರು ಕಿಳಿಂಜಲ್ ಎನ್ನುವ ಕಡಲ ಚಿಪ್ಪು, ಸುಡದೆ ಕುಟ್ಟಿದ್ದು. ಸುಟ್ಟ ಸುಣ್ಣ ಕೊಟ್ಟರೆ ಬಾಯಿ, ಕರುಳು ಬೇಯುತ್ತದೆ. ಮೊಟ್ಟೆಯ ಓಡನ್ನೂ ಕೊಡಬಹುದು, ಆದರೆ ಕುದಿಸಿ ಒಣಗಿಸಿ ಪುಡಿ ಮಾಡಿ. ಹಸಿ ಓಡು ತಿಂದ ಕೋಳಿ ತಾನಿಟ್ಟ ಮೊಟ್ಟೆಯನ್ನೇ ಕುಕ್ಕಲು ಕಲಿಯುತ್ತದೆ.

ಹೋಟೆಲಿನಿಂದ ಬರುವುದು ಮೇವಿನ ಹತ್ತನೇ ಒಂದು ಪಾಲು ಮೀರದಿರಲಿ. ಕೋಸಿನ ಹೊರಎಲೆ, ಸೊಪ್ಪಿನ ಕಡ್ಡಿ, ಕ್ಯಾರೆಟ್ ತುದಿ, ಸೌತೆ, ಕುಂಬಳದ ತಿರುಳು, ಉಪ್ಪಿಲ್ಲದ ಅನ್ನ, ನುಗ್ಗೆ ಸೊಪ್ಪು ಒಳ್ಳೆಯವು. ಸಾಂಬಾರ್ ಕಲಸಿದ ಅನ್ನ, ಉಪ್ಪಿನಕಾಯಿ, ಕರಿದ ಎಣ್ಣೆ, ಕಾಫಿ ಗಷ್ಟು, ಟೀ ಚರಟ, ಹಸಿರಾದ ಆಲೂಗಡ್ಡೆ ಸಿಪ್ಪೆ, ಬೇಯದ ಕಾಳು ಬೇಡ. ಕೋಳಿಗೆ ದಿನಕ್ಕೆ ಬೇಕಾದ ಉಪ್ಪು ಅರ್ಧ ಗ್ರಾಮೂ ಅಲ್ಲ. ಒಂದು ಸೌಟು ಸಾಂಬಾರಿನಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ಗಿರಾಕಿಗಳ ಎಲೆಯ ಎಂಜಲಂತೂ ಖಂಡಿತ ಬೇಡ, ಅದರಲ್ಲಿ ಟೂತ್‌ಪಿಕ್, ಪ್ಲಾಸ್ಟಿಕ್ ಎಲ್ಲ ಇರುತ್ತದೆ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಹಾಳುಮಾಡುತ್ತದೆ, ಮೊಟ್ಟೆಗೂ ಇಳಿಯುತ್ತದೆ.

ನೀರು ಕೋಳಿಗೆ ಕಾಲು ಲೀಟರು. ಬೇಸಿಗೆಯಲ್ಲಿ ಅದರ ಎರಡರಷ್ಟು. ಮಧ್ಯಾಹ್ನ ಬದಲಾಯಿಸಿ, ಮಣ್ಣಿನ ಪಾತ್ರೆಯಾದರೆ ಉತ್ತಮ. ಕತ್ತರಿ ಬಿಸಿಲಿನ ದಿನಗಳಲ್ಲಿ ಮೇವನ್ನು ನಸುಕಿಗೂ ಸಂಜೆಗೂ ಹಾಕಿ. ನಡುಹಗಲಲ್ಲಿ ತಿಂದರೆ ಮೈಕಾವು ಏರುತ್ತದೆ.

ಡಿಸೆಂಬರಿನಲ್ಲಿ ಮೊಟ್ಟೆ ಕಡಿಮೆಯಾಯಿತೆಂದು ಗಾಬರಿ ಬೇಡ. ಆಗ ಇಲ್ಲಿ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ, ಕೋಳಿಗೆ ಹದಿನಾಲ್ಕು ಬೇಕು. ಹೋಟೆಲಿನವರು ಹೇಗೂ ನಾಲ್ಕಕ್ಕೆ ಏಳುವವರು. ಆಗಲೇ ಗೂಡಿನಲ್ಲೊಂದು ಸಣ್ಣ ಬಲ್ಬು ಹಾಕಿದರಾಯಿತು.

ಕೋಳಿ ಮಂಕಾಗಿ ಕತ್ತು ತಿರುಚಿದರೆ, ಹಸಿರು ಬೇಧಿಯಾದರೆ ಬೇರೆ ಮಾಡಿ, ವೇಪೇರಿಯ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ಒಯ್ಯಿರಿ, ಪೆರಂಬೂರಿನಿಂದ ದೂರವೇನಲ್ಲ. ಪಶುವೈದ್ಯ ವಿಶ್ವವಿದ್ಯಾಲಯದ ಮಾಧವರಂ ಆವರಣವೂ ಇನ್ನೊಂದು ದಿಕ್ಕಿಗೆ ಹತ್ತಿರದಲ್ಲೇ ಇದೆ. ಒಮ್ಮೆಲೇ ಹಲವು ಸತ್ತರೆ ಬಾಣಲೆಗೆ ಹಾಕುವುದಾಗಲಿ, ಕಸಕ್ಕೆ ಎಸೆಯುವುದಾಗಲಿ ಕೂಡದು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಮೊದಲು ಕಂಡಾಗಿನಿಂದ ಇಂಥ ಸಾವನ್ನು ಪಶುಸಂಗೋಪನಾ ಇಲಾಖೆಗೆ ತಿಳಿಸುವುದೇ ಕ್ರಮ. ಉಳಿದ ಕೋಳಿಗಳನ್ನು ಇಲಾಖೆಯವರು ಬರುವವರೆಗೆ ಗೂಡಿನಿಂದ ಬಿಡಬೇಡಿ, ಗೂಡಿಗೆ ಹೋದ ಚಪ್ಪಲಿಯಲ್ಲಿ ಹೋಟೆಲಿಗೆ ಹೋಗಬೇಡಿ.