ಶ್ರವಣದೋಷವುಳ್ಳ ಕ್ರೀಡಾಪಟುಗಳು: ಸ್ಪರ್ಧೆಯ ಅರ್ಹತೆ ಮತ್ತು ವಿಕಲತೆಯ ಪ್ರಮಾಣಪತ್ರ – ಸಾರ್ವಜನಿಕರಿಗೆ ಮಾಹಿತಿ

ಶ್ರವಣದೋಷವುಳ್ಳ ಕ್ರೀಡಾಪಟುಗಳು ಹಾಗೂ ಅವರ ಪೋಷಕರು ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವ ಮುನ್ನ ಒಂದು ಅಂಶವನ್ನು ಸ್ಪಷ್ಟವಾಗಿ ತಿಳಿದಿರುವುದು ಅವಶ್ಯಕ. ಕ್ರೀಡಾ ಸಂಸ್ಥೆಗಳು ಕೇಳುವ ಶ್ರವಣ ಪರೀಕ್ಷೆಯ ವರದಿ ಬೇರೆ, ಸರ್ಕಾರವು ನೀಡುವ ವಿಕಲತೆಯ ಪ್ರಮಾಣಪತ್ರ ಬೇರೆ. ಒಂದರ ಬದಲಿಗೆ ಮತ್ತೊಂದನ್ನು ಸಲ್ಲಿಸಿದಲ್ಲಿ ಅರ್ಜಿಯು ಹಿಂದಿರುಗುವ ಮತ್ತು ಆಯ್ಕೆಯ ಅವಕಾಶ ಕೈತಪ್ಪುವ ಸಂಭವವಿರುತ್ತದೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ನಾಗರಿಕರ ಅವಗಾಹನೆಗಾಗಿ ನೀಡಲಾಗಿದೆ.

1. ಕಿವುಡರ ಒಲಿಂಪಿಕ್ಸ್

ಶ್ರವಣದೋಷವುಳ್ಳವರ ಅಂತರರಾಷ್ಟ್ರೀಯ ಕ್ರೀಡಾಕೂಟವು ಪ್ರಥಮ ಬಾರಿಗೆ 1924ರಲ್ಲಿ ಪ್ಯಾರಿಸ್ ನಗರದಲ್ಲಿ ಜರುಗಿತು. ಒಂಬತ್ತು ರಾಷ್ಟ್ರಗಳ 148 ಕ್ರೀಡಾಪಟುಗಳು ಅದರಲ್ಲಿ ಭಾಗವಹಿಸಿದ್ದರು. ಪ್ಯಾರಾಲಿಂಪಿಕ್ಸ್ ಆರಂಭವಾಗುವುದಕ್ಕೆ ಮೂರು ದಶಕಗಳಿಗೂ ಮೊದಲೇ ಈ ಕೂಟವು ನೆಲೆಗೊಂಡಿತ್ತು. 2001ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಒಪ್ಪಿಗೆಯೊಂದಿಗೆ ಇದಕ್ಕೆ ಡೆಫ್‌ಲಿಂಪಿಕ್ಸ್ ಎಂಬ ಹೆಸರು ಬಂದಿತು. ಪ್ಯಾರಾಲಿಂಪಿಕ್ಸ್‌ನಲ್ಲಿ ಶ್ರವಣದೋಷಕ್ಕೆ ಪ್ರತ್ಯೇಕ ವರ್ಗ ಇರುವುದಿಲ್ಲವೆಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.

2022ರ ಮೇ ತಿಂಗಳಿನಲ್ಲಿ ಬ್ರೆಜಿಲ್‌ನ ಕಾಶಿಯಾಸ್ ದೊ ಸುಲ್ ನಗರದಲ್ಲಿ ನಡೆದ ಕೂಟದಲ್ಲಿ ಭಾರತವು 8 ಚಿನ್ನ, 1 ಬೆಳ್ಳಿ ಹಾಗೂ 7 ಕಂಚು, ಒಟ್ಟು 16 ಪದಕಗಳನ್ನು ಗಳಿಸಿತು. ಇವುಗಳಲ್ಲಿ ಮೂರು ಚಿನ್ನದ ಪದಕಗಳಲ್ಲಿ ಬ್ಯಾಡ್ಮಿಂಟನ್ ಆಟಗಾರ್ತಿ ಜೆರ್ಲಿನ್ ಅನಿಕಾ ಅವರ ಪಾಲಿತ್ತು. ಶತಮಾನೋತ್ಸವದ ಕೂಟವು 2025ರ ನವೆಂಬರ್ ತಿಂಗಳಿನಲ್ಲಿ ಟೋಕಿಯೋದಲ್ಲಿ ಜರುಗಿತು.

2. ಸಾಮಾನ್ಯ ಹಾಗೂ ವೃತ್ತಿಪರ ಕ್ರೀಡೆಯಲ್ಲಿ ಅವಕಾಶ

ಶ್ರವಣದೋಷವುಳ್ಳವರು ತಮ್ಮ ವರ್ಗದ ಕೂಟಗಳಿಗೆ ಮಾತ್ರ ಸೀಮಿತರೆಂಬ ಭಾವನೆ ಸರಿಯಲ್ಲ. ದಕ್ಷಿಣ ಆಫ್ರಿಕಾದ ಈಜುಪಟು ಟೆರೆನ್ಸ್ ಪಾರ್ಕಿನ್ ಅವರು 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ದೀಪದ ಸಂಕೇತವನ್ನು ನೋಡಿ ನೀರಿಗೆ ಧುಮುಕಿ, 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಪಡೆದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟಗಾರ ಡೆರಿಕ್ ಕೋಲ್ಮನ್ ಅವರು ಸಹ ಆಟಗಾರರ ತುಟಿಯ ಚಲನೆಯನ್ನು ಓದಿಕೊಂಡು ಆಡುತ್ತಿದ್ದರು. ಅವರಿದ್ದ ಸಿಯಾಟಲ್ ತಂಡವು 2014ರ ಸೂಪರ್ ಬೌಲ್ ಪಂದ್ಯವನ್ನು ಗೆದ್ದಿತು.

ನಮ್ಮ ದೇಶದ ಗಾಲ್ಫ್ ಆಟಗಾರ್ತಿ ದೀಕ್ಷಾ ಡಾಗರ್ ಅವರದು ಇನ್ನೂ ಸಮೀಪದ ಉದಾಹರಣೆ. 2017ರ ಡೆಫ್‌ಲಿಂಪಿಕ್ಸ್‌ನಲ್ಲಿ ಬೆಳ್ಳಿ ಗಳಿಸಿದ ಅವರು 2019ರಲ್ಲಿ ದಕ್ಷಿಣ ಆಫ್ರಿಕಾ ಮಹಿಳಾ ಓಪನ್ ಗೆದ್ದು ಯುರೋಪಿನ ಮಹಿಳಾ ವೃತ್ತಿಪರ ಸರಣಿಯಲ್ಲಿ ಪ್ರಶಸ್ತಿ ಪಡೆದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿ, 2022ರ ಡೆಫ್‌ಲಿಂಪಿಕ್ಸ್‌ನಲ್ಲಿ ಚಿನ್ನ ಗಳಿಸಿದರು.

3. ಎರಡು ಅಳತೆಗಳ ವ್ಯತ್ಯಾಸ

(ಅ) ಕ್ರೀಡೆಯ ಅಳತೆ: ಡೆಫ್‌ಲಿಂಪಿಕ್ಸ್ ನಿಯಮದಂತೆ, ಎರಡು ಕಿವಿಗಳ ಪೈಕಿ ಉತ್ತಮವಾಗಿ ಕೇಳುವ ಕಿವಿಯಲ್ಲಿ ಕನಿಷ್ಠ 55 ಡೆಸಿಬೆಲ್ ಶ್ರವಣ ನಷ್ಟವಿರಬೇಕು. 500, 1000 ಮತ್ತು 2000 ಹರ್ಟ್ಸ್ ಧ್ವನಿಗಳಲ್ಲಿ ಕಂಡುಬಂದ ನಷ್ಟದ ಸರಾಸರಿಯನ್ನು ಇದಕ್ಕಾಗಿ ಪರಿಗಣಿಸಲಾಗುತ್ತದೆ.

(ಆ) ಕಾನೂನಿನ ಅಳತೆ: ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಂತೆ, ಎರಡೂ ಕಿವಿಗಳಲ್ಲಿ ಮಾತಿನ ಧ್ವನಿಗಳಿಗೆ 70 ಡೆಸಿಬೆಲ್ ನಷ್ಟವಿರುವವರು ಕಿವುಡರು. 60ರಿಂದ 70 ಡೆಸಿಬೆಲ್ ನಷ್ಟವಿರುವವರು ಮಂದ ಶ್ರವಣವುಳ್ಳವರು. ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ವಿಕಲತೆಯು ಶೇಕಡ 40ಕ್ಕೆ ಕಡಿಮೆ ಇರಬಾರದು.

ಈ ವ್ಯತ್ಯಾಸವನ್ನು ಉದಾಹರಣೆಗಳ ಮೂಲಕ ತಿಳಿಯಬಹುದು. ಎರಡೂ ಕಿವಿಗಳಲ್ಲಿ 57 ಡೆಸಿಬೆಲ್ ನಷ್ಟವಿರುವ ಬಾಲಕಿಯು ಕ್ರೀಡಾ ನಿಯಮದಂತೆ ಅರ್ಹಳು. ಆದರೆ ಅನುಸೂಚಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಎರಡೂ ಕಿವಿಗಳಲ್ಲಿ 75 ಡೆಸಿಬೆಲ್ ನಷ್ಟವಿರುವ ಬಾಲಕನು ಎರಡೂ ಅಳತೆಗಳೊಳಗೆ ಬರುತ್ತಾನೆ. ಒಂದು ಕಿವಿ ಸಂಪೂರ್ಣ ಕೇಳಿಸದಿದ್ದು ಮತ್ತೊಂದರಲ್ಲಿ 30 ಡೆಸಿಬೆಲ್ ಮಾತ್ರ ನಷ್ಟವಿದ್ದಲ್ಲಿ ಎರಡೂ ಅಳತೆಗಳಿಂದ ಹೊರಗುಳಿಯುತ್ತಾನೆ. ಆದ್ದರಿಂದ ಪ್ರಮಾಣಪತ್ರ ದೊರೆಯಲಿಲ್ಲವೆಂಬ ಕಾರಣಕ್ಕೆ ಮಗುವಿನ ಕ್ರೀಡಾಭ್ಯಾಸವನ್ನು ನಿಲ್ಲಿಸತಕ್ಕದ್ದಲ್ಲ. ಅಂತೆಯೇ ಕ್ರೀಡಾಕೂಟದಲ್ಲಿ ಪದಕ ಪಡೆದ ಮಾತ್ರಕ್ಕೆ ಪ್ರಮಾಣಪತ್ರವು ತಾನಾಗಿ ದೊರೆಯುವುದಿಲ್ಲ.

4. ಸ್ಪರ್ಧೆಯ ಸಮಯದಲ್ಲಿ ಪಾಲಿಸಬೇಕಾದ ನಿಯಮ

ಡೆಫ್‌ಲಿಂಪಿಕ್ಸ್ ಸ್ಪರ್ಧೆಯ ವೇಳೆ ಶ್ರವಣ ಸಾಧನವನ್ನಾಗಲಿ, ಕಾಕ್ಲಿಯರ್ ಇಂಪ್ಲಾಂಟ್‌ನ ಹೊರಭಾಗವನ್ನಾಗಲಿ ಧರಿಸಲು ಅನುಮತಿ ಇರುವುದಿಲ್ಲ. ಎಲ್ಲ ಸ್ಪರ್ಧಿಗಳೂ ಸಮಾನ ಸ್ಥಿತಿಯಲ್ಲಿ ಆಡಬೇಕೆಂಬುದೇ ಇದರ ಉದ್ದೇಶ. ಓಟದ ಆರಂಭಕ್ಕೆ ಪಿಸ್ತೂಲಿನ ಸದ್ದಿನ ಬದಲಾಗಿ ದೀಪವನ್ನೂ, ಫುಟ್‌ಬಾಲ್ ಪಂದ್ಯದಲ್ಲಿ ಸೀಟಿಯ ಜೊತೆಗೆ ಬಾವುಟವನ್ನೂ ಬಳಸಲಾಗುತ್ತದೆ. ಸದಾ ಸಾಧನ ಧರಿಸಿ ಅಭ್ಯಾಸ ಮಾಡುವ ಮಕ್ಕಳಿಗೆ ಸಾಧನವಿಲ್ಲದೆಯೂ ಅಭ್ಯಾಸ ಮಾಡಿಸುವಂತೆ ಪೋಷಕರು ತರಬೇತುದಾರರನ್ನು ಕೋರುವುದು ಸೂಕ್ತ.

5. ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವ ವಿಧಾನ

(ಅ) ಸ್ವಾವಲಂಬನ್ ಜಾಲತಾಣದಲ್ಲಿ ವಿಶಿಷ್ಟ ಗುರುತಿನ ಚೀಟಿಗಾಗಿ ನೋಂದಾಯಿಸಿಕೊಳ್ಳತಕ್ಕದ್ದು. ಗುರುತು ಹಾಗೂ ವಿಳಾಸದ ದಾಖಲೆ ಮತ್ತು ಭಾವಚಿತ್ರವನ್ನು ಸಿದ್ಧವಾಗಿಟ್ಟುಕೊಳ್ಳುವುದು.

(ಆ) ನಿಗದಿಪಡಿಸಿದ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗತಕ್ಕದ್ದು. ಹಿಂದಿನ ಶ್ರವಣ ಪರೀಕ್ಷೆಯ ವರದಿಗಳಿದ್ದಲ್ಲಿ ಜೊತೆಗೆ ತರುವುದು.

(ಇ) ಪ್ರಮಾಣಪತ್ರವನ್ನು ನೀಡಲು ಸಾಧ್ಯವಿಲ್ಲದಿದ್ದಲ್ಲಿ, ಅಧಿನಿಯಮದ 58ನೇ ಪ್ರಕರಣದ ಮೇರೆಗೆ ಆ ವಿಷಯವನ್ನು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕಾಗಿರುತ್ತದೆ. ಬಾಯಿಮಾತಿನ ಉತ್ತರ ಪಡೆದು ಹಿಂದಿರುಗದೆ ಲಿಖಿತ ಉತ್ತರವನ್ನು ಕೋರುವುದು. 59ನೇ ಪ್ರಕರಣದಂತೆ ಮೇಲ್ಮನವಿ ಸಲ್ಲಿಸಲು ಈ ಪತ್ರವೇ ಆಧಾರವಾಗುತ್ತದೆ.

(ಈ) ಒಮ್ಮೆ ನೀಡಿದ ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯವಾಗಿರುತ್ತದೆ. ಅನ್ಯ ರಾಜ್ಯದಲ್ಲಿ ತರಬೇತಿ ಪಡೆಯುವ ಕ್ರೀಡಾಪಟುಗಳು ಪುನಃ ಹೊಸದಾಗಿ ಪಡೆಯಬೇಕಾಗಿಲ್ಲ.

ಕ್ರೀಡೆಗೆ ಬೇಕಾದ ಶ್ರವಣ ಪರೀಕ್ಷೆಯ ವರದಿಯನ್ನು ಮಾತ್ರ ಪ್ರತ್ಯೇಕವಾಗಿ, ಆಯಾ ಕ್ರೀಡಾ ಸಂಸ್ಥೆಯು ಸೂಚಿಸಿದ ನಮೂನೆಯಲ್ಲಿಯೇ ಪಡೆಯತಕ್ಕದ್ದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಶ್ರವಣ ತಪಾಸಣೆಯಲ್ಲಿ ಪರಿಣತಿ ಹೊಂದಿದ ರಾಷ್ಟ್ರೀಯ ಸಂಸ್ಥೆಯಾಗಿದ್ದು, ನಮ್ಮ ರಾಜ್ಯದ ನಾಗರಿಕರಿಗೆ ಸಮೀಪದಲ್ಲಿದೆ.

6. ದಾಖಲೆಗಳ ಮಹತ್ವ

ಹರಿಯಾಣದ ಕುಸ್ತಿಪಟು ವೀರೇಂದರ್ ಸಿಂಗ್ ಅವರು 2005, 2013 ಮತ್ತು 2017ರ ಡೆಫ್‌ಲಿಂಪಿಕ್ಸ್‌ಗಳಲ್ಲಿ ಚಿನ್ನ ಗಳಿಸಿದವರು. 2021ರ ನವೆಂಬರ್ ತಿಂಗಳಿನಲ್ಲಿ ಪದ್ಮಶ್ರೀ ಸ್ವೀಕರಿಸಿದ ಬೆನ್ನಲ್ಲೇ ಅವರು ತಮ್ಮ ಪದಕಗಳೊಂದಿಗೆ ದೆಹಲಿಯ ಹರಿಯಾಣ ಭವನದ ಮುಂದೆ ಕುಳಿತು, ಶ್ರವಣದೋಷವುಳ್ಳ ಕ್ರೀಡಾಪಟುಗಳಿಗೂ ಪ್ಯಾರಾ ಕ್ರೀಡಾಪಟುಗಳಿಗೆ ಸಮಾನವಾದ ಮಾನ್ಯತೆ ನೀಡಬೇಕೆಂದು ಕೋರಿದರು. ಶ್ರವಣದೋಷವು ಕಣ್ಣಿಗೆ ಕಾಣುವಂಥದಲ್ಲ. ಆದುದರಿಂದ ಹಕ್ಕನ್ನು ಕೇಳುವಾಗ ದಾಖಲೆಯೇ ಅದಕ್ಕೆ ಸಾಕ್ಷಿ. ವಿಕಲಚೇತನರು ಕ್ರೀಡೆಯಲ್ಲಿ ಪರಿಣಾಮಕಾರಿಯಾಗಿ ಭಾಗವಹಿಸಲು ಸರ್ಕಾರವು ಕ್ರಮ ಕೈಗೊಳ್ಳಬೇಕೆಂದು ಅಧಿನಿಯಮದ 30ನೇ ಪ್ರಕರಣವು ವಿಧಿಸಿದೆ. ಅರ್ಹ ನಾಗರಿಕರು ಇದರ ಪ್ರಯೋಜನವನ್ನು ಪಡೆಯಬಹುದಾಗಿದೆ.

ಆಯ್ಕೆ ಸ್ಪರ್ಧೆಗಳ ಪ್ರಕಟಣೆಯಾದ ನಂತರ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿದಲ್ಲಿ ತಪಾಸಣೆಗೆ ಸಾಕಷ್ಟು ಕಾಲಾವಕಾಶ ಉಳಿಯುವುದಿಲ್ಲ. ಪೋಷಕರು ಮಗುವಿನ ಅಭ್ಯಾಸ ಆರಂಭವಾದ ವರ್ಷದಲ್ಲಿಯೇ ಎರಡೂ ದಾಖಲೆಗಳನ್ನು ಪಡೆದು, ಮೂಲಪ್ರತಿಗಳನ್ನು ಸುರಕ್ಷಿತವಾಗಿಟ್ಟು, ನಕಲು ಪ್ರತಿಗಳನ್ನು ಮಾತ್ರ ಸಲ್ಲಿಸುವಂತೆ ಕೋರಲಾಗಿದೆ.